ಅರ್ಧಕ್ಕೆ ನಿಂತ ಕಾಂಬೋಧಿ

ನಿರ್ಮಲಮ್ಮನವರ ಯಜಮಾನರಿಗೆ ಸೊರಬಕ್ಕೆ ವರ್ಗವಾಯಿತೆಂದು ತಿಳಿದ ದಿನ ನೀಲಾಂಬಿಕ ಊಟ ಬಿಟ್ಟಳು. ಆಗ ಅವಳಿಗೆ ಹದಿನೈದು ವರ್ಷ. ಶಿಕಾರಿಪುರದ ಪೇಟೆಯಲ್ಲಿ ಭತ್ತದ ವ್ಯಾಪಾರ ಮಾಡುತ್ತಿದ್ದ ಪರಮಶಿವಪ್ಪನ ಒಬ್ಬಳೇ ಮಗಳು. ನಿರ್ಮಲಮ್ಮನವರು ತಾಲ್ಲೂಕು ಕಚೇರಿಯ ಶಿರಸ್ತೇದಾರರ ಹೆಂಡತಿ, ಮೈಸೂರಿನವರು. ಅಲ್ಲಿ ದೊಡ್ಡ ವಿದ್ವಾಂಸರೊಬ್ಬರ ಬಳಿ ಹಾಡಲು ಕಲಿತು, ಮದುವೆಯಾದ ಮೇಲೆ ಗಂಡನ ವರ್ಗಾವಣೆಗಳ ಹಿಂದೆ ಊರೂರು ತಿರುಗುತ್ತಿದ್ದರು. ಅವರ ಬಾಡಿಗೆ ಮನೆ ಪರಮಶಿವಪ್ಪನ ಮನೆಯ ಬೆನ್ನಿಗಿತ್ತು. ಹಿತ್ತಲ ಗೋಡೆಯ ಆಚೆಯಿಂದ ಕಿವಿಗೆ ಬಿದ್ದದ್ದನ್ನು ಈ ಹುಡುಗಿ ಪಾತ್ರೆ ತೊಳೆಯುತ್ತ ಹಾಗೆಹಾಗೇ ಹಾಡುತ್ತಿದ್ದಳು. ಒಂದು ಬೆಳಿಗ್ಗೆ ಅವರು ಗೋಡೆಯ ಮೇಲಿಂದ ತಲೆ ಹಾಕಿ, "ಯಾರೇ ಅದು? ಇನ್ನೊಂದ್ಸಲ ಹಾಡು" ಎಂದರು. ಪಾಠ ಶುರುವಾದದ್ದು ಹಾಗೆ.

ಮನೆಯಲ್ಲಿ ಇದು ಎಲ್ಲರಿಗೂ ಹಿಡಿಸಿರಲಿಲ್ಲ. ಪರಮಶಿವಪ್ಪನ ಅಣ್ಣ ವೀರಬಸಪ್ಪ ಊರಲ್ಲಿ ನಾಲ್ಕು ಜನ ಮಾತು ಕೇಳುವ ಮನುಷ್ಯ. ಜಗಲಿಯ ಮೇಲೆ ಕೂತು ಆತ ಕೇಳಿದ್ದ, "ಮಠದಾಗೆ ನಾಕು ವಚನ ಹಾಡಿದ್ರೆ ಸಾಲದಾ? ಆ ತೆಲುಗು ಹಾಡು ಕಲ್ತು ನಮ್ಮ ಹುಡುಗಿ ಯಾರಿಗೆ ಹಾಡಬೇಕು? ನಾಳೆ ಹೆಣ್ಣು ಕೇಳಾಕೆ ಬಂದೋರು ಏನಂದಾರು?"

ಪರಮಶಿವಪ್ಪ ಅಣ್ಣನ ಎದುರು ದನಿ ಎತ್ತಿದವನಲ್ಲ. ಆವತ್ತು ಎತ್ತಿದ. "ಏನರ ಅಂದ್ಕೊಳ್ಳಿ ಅಣ್ಣಾ. ಅವಳ ಗಂಟಲಾಗೆ ಏನೋ ಐತಿ. ಅದನ್ನ ನಾನು ಕಟ್ಟಿ ಹಾಕಂಗಿಲ್ಲ."

ಶಿರಸ್ತೇದಾರರಿಗೆ ವರ್ಗವಾದಾಗ ಎಲ್ಲರೂ ಪಾಠ ಅಲ್ಲಿಗೆ ಮುಗಿಯಿತೆಂದುಕೊಂಡರು. ನೀಲಾಂಬಿಕಳ ತಾಯಿ ಬಸವಣ್ಣೆಮ್ಮ ಒಳಗೊಳಗೇ ನಿರಾಳವಾದಳು. ಆದರೆ ಮುಂದಿನ ಭಾನುವಾರ ಬೆಳಿಗ್ಗೆ ಪರಮಶಿವಪ್ಪ ಅಂಗಡಿಯ ಬಾಗಿಲು ತೆರೆಯಲಿಲ್ಲ. ತಲೆಗೆ ರುಮಾಲು ಸುತ್ತಿ, ಕೊಡೆ ಹಿಡಿದು, "ನೀಲವ್ವಾ, ನಡಿ. ಬಸ್ಸು ಹೊಂಟುಬಿಡ್ತತಿ" ಎಂದ.

ಅಲ್ಲಿಂದ ನಾಲ್ಕು ವರ್ಷ ಅಪ್ಪ ಮಗಳು ಭಾನುವಾರ ತಪ್ಪಿಸಲಿಲ್ಲ. ಶಿರಾಳಕೊಪ್ಪದಲ್ಲಿ ಬಸ್ಸು ಬೆಲ್ಲದ ಮೂಟೆ ಹೇರಿಕೊಂಡು ಗಂಟೆಗಟ್ಟಲೆ ನಿಲ್ಲುತ್ತಿತ್ತು. ನೀಲಾಂಬಿಕ ಸೀಟಿನಲ್ಲಿ ಕೂತು ತೊಡೆಯ ಮೇಲೆ ತಾಳ ಹಾಕುತ್ತ ಬಾಯೊಳಗೇ ಸ್ವರ ಹೇಳಿಕೊಳ್ಳುವಳು. ಎದುರಿನವರು ನಗಬಾರದೆಂದು ಪರಮಶಿವಪ್ಪ ತನ್ನ ಹೆಗಲ ಮೇಲಿನ ವಲ್ಲಿಯನ್ನು ಅವಳ ಕೈಯ ಮೇಲೆ ಹರಡುತ್ತಿದ್ದ. ಸೊರಬದಲ್ಲಿ ನಿರ್ಮಲಮ್ಮನವರ ಮನೆಯ ಪಡಸಾಲೆಯ ಕಂಬಕ್ಕೆ ಒರಗಿ ಕೂರುವನು. ಅವನಿಗೆ ರಾಗದ ಹೆಸರು ಒಂದೂ ಬರುತ್ತಿರಲಿಲ್ಲ. ತಾಳ ಹಾಕಲು ಹೋಗಿ ತಪ್ಪುವನು. ಆದರೂ ಪಾಠ ಮುಗಿಯುವವರೆಗೆ ಎದ್ದು ಹೋಗುತ್ತಿರಲಿಲ್ಲ. ತಿರುಗಿ ಬರುವಾಗ ಯಾವಾಗಲೂ ಒಂದೇ ಪ್ರಶ್ನೆ: "ಇವತ್ತು ಅಮ್ಮಾರು ಸಿಟ್ಟು ಮಾಡ್ಲಿಲ್ಲ ಹೌದಲ್ಲ?"

ನಿರ್ಮಲಮ್ಮ ಸಿಟ್ಟಿನವರೇ. ಒಂದು ಸ್ವರ ಜಾರಿದರೆ ತಂಬೂರಿ ಕೆಳಗಿಟ್ಟು ಒಳಗೆ ಹೋಗಿಬಿಡುತ್ತಿದ್ದರು. ಅವರಿಗೆ ಮಕ್ಕಳಿರಲಿಲ್ಲ. ಸಂಗೀತ ಕಛೇರಿ ಮಾಡಬೇಕೆಂಬ ಅವರ ಆಸೆ ಶಿರಸ್ತೇದಾರರ ಮನೆತನದಲ್ಲಿ ನಡೆಯಲಿಲ್ಲ. ಈ ಮಾತನ್ನು ಅವರು ಎಂದೂ ಆಡಿದವರಲ್ಲ. ಆದರೆ ಶಿಷ್ಯೆಗೆ ಗೊತ್ತಿತ್ತು.

ಹೊಸ ರಾಜ್ಯವಾಗಿ ಎರಡನೆಯ ವರ್ಷ. ಬೆಂಗಳೂರಿನ 'ನಾದಮಂಟಪ'ದವರು ಜಿಲ್ಲೆಗಳ ಎಳೆಯ ಗಾಯಕರಿಗೆ ತಮ್ಮ ವಾರ್ಷಿಕೋತ್ಸವದಲ್ಲಿ ಅವಕಾಶ ಕೊಡುವುದೆಂದು ತೀರ್ಮಾನಿಸಿದರು. ಆ ಸಭಾಂಗಣದ ಹೆಸರು ಸಂಗೀತ ಬಲ್ಲವರೆಲ್ಲರಿಗೂ ಗೊತ್ತಿತ್ತು. ಅಲ್ಲಿ ಒಮ್ಮೆ ಹಾಡಿ ಗೆದ್ದವರಿಗೆ ರೇಡಿಯೋದವರು, ಬೇರೆ ಊರಿನ ಸಭೆಯವರು ತಾವಾಗಿ ಹೇಳಿಕಳಿಸುತ್ತಿದ್ದರು. ಶಿವಮೊಗ್ಗದಲ್ಲಿ ಇಬ್ಬರು ವಿದ್ವಾಂಸರು ಕೂತು ಜಿಲ್ಲೆಯ ಹುಡುಗ ಹುಡುಗಿಯರನ್ನು ಹಾಡಿಸಿ ಕೇಳಿದರು. ನೀಲಾಂಬಿಕ ಆಯ್ಕೆಯಾದಳು. ಸಂಜೆ ನಾಲ್ಕರಿಂದ ಆರರವರೆಗೆ ಅವಳ ಕಛೇರಿ. ಆರಕ್ಕೆ ಮಂತ್ರಿಗಳ ಅಧ್ಯಕ್ಷತೆಯಲ್ಲಿ ಸಮಾರಂಭ.

"ಕಾಂಬೋಧಿ ಹಾಡು" ಎಂದರು ನಿರ್ಮಲಮ್ಮ. "ನಿಂಗೆ ಅದು ಒಲಿದಿದೆ. ಅವಸರ ಮಾಡ್ಬೇಡ. ಕೆಳಗಿಂದ ನಿಧಾನಕ್ಕೆ ಮನೆ ಕಟ್ಟಿದ ಹಾಗೆ ಕಟ್ಕೊಂಡು ಹೋಗು. ಮೇಲಿನ ಗಾಂಧಾರದಲ್ಲಿ ನಿಂತ್ಕೊಂಡಾಗ ಇಡೀ ಸಭೆ ನಿನ್ನ ಜೊತೆ ನಿಲ್ಲಬೇಕು."

ಆ ಬೇಸಗೆಯೆಲ್ಲ ಅವಳು ಆ ರಾಗವನ್ನೇ ಉಂಡಳು, ಅದನ್ನೇ ಹೊದ್ದಳು. ಬಸವಣ್ಣೆಮ್ಮ ರೊಟ್ಟಿ ತಟ್ಟುತ್ತ, "ಇದೇನವ್ವ, ಮಾತಿಲ್ಲದ ಹಾಡು" ಎಂದು ಗೊಣಗಿದರೂ, ಒಂದು ದಿನ ತಾನೇ ಅದರ ಒಂದು ಎಳೆಯನ್ನು ಗುನುಗಿ ನಾಚಿ ನಿಲ್ಲಿಸಿದಳು.

ಶಿವಮೊಗ್ಗದಿಂದ ರೈಲು. ಅಪ್ಪ, ಅವ್ವ, ನಿರ್ಮಲಮ್ಮ, ಜೊತೆಗೆ ಪೇಟೆಯ ಕೆಲವರು. ಕೊನೆಯ ಗಳಿಗೆಯಲ್ಲಿ ವೀರಬಸಪ್ಪನೂ ಹೊರಟ. "ಹುಡುಗಿ ಅಷ್ಟು ದೂರ ಹೊಂಟೈತಿ. ಹಿರೇರೊಬ್ರು ಇರ್ಲಿ" ಎಂದ. ಹಾಡು ಕೇಳಲು ಎಂದು ಹೇಳಲಿಲ್ಲ.

ನಾದಮಂಟಪದ ಗೋಡೆಗಳ ಮೇಲೆ ತೀರಿಕೊಂಡ ವಿದ್ವಾಂಸರ ಪಟಗಳು ಸಾಲಾಗಿ ಇದ್ದವು. ಕೆಳಗೆ ಬೆತ್ತದ ಕುರ್ಚಿಗಳು. ನಾಲ್ಕು ಗಂಟೆಗೆ ಮುಕ್ಕಾಲು ಪಾಲು ಖಾಲಿ. ಕೂತವರಲ್ಲಿ ಕೆಲವರು ಊಟದ ನಿದ್ದೆಯಲ್ಲಿದ್ದರು. ಪಿಟೀಲಿನವರು ನರೆತ ಕೂದಲಿನ ಹಿರಿಯರು. ಹುಡುಗಿಯ ಕಡೆ ನೋಡದೆಯೇ ಶ್ರುತಿ ಮಾಡಿಕೊಂಡರು. ಅವಳ ಬೆನ್ನ ಹಿಂದೆ ನಿರ್ಮಲಮ್ಮ ತಂಬೂರಿ ಹಿಡಿದು ಕೂತರು.

ವರ್ಣವನ್ನು ಅವಸರವಾಗಿ ಹಾಡಿ ಮುಗಿಸಿದಳು. ಎರಡು ಕೃತಿ ಮುಗಿಯುವ ಹೊತ್ತಿಗೆ ಅವಸರ ಹೋಯಿತು. ಸಮಾರಂಭಕ್ಕೆಂದು ಬೇಗ ಬಂದವರು ಒಬ್ಬೊಬ್ಬರಾಗಿ ಒಳಗೆ ಬಂದು ಕೂತರು. ಐದರ ಸುಮಾರಿಗೆ ಅವಳು ಕಾಂಬೋಧಿ ಎತ್ತಿಕೊಂಡಳು.

ಆಲಾಪನೆಯ ಮೊದಲ ಸಂಚಾರಕ್ಕೇ ಪಿಟೀಲಿನವರು ತಲೆ ತಿರುಗಿಸಿ ಅವಳ ಮುಖ ನೋಡಿದರು. ಅವಳು ಹಾಡಿದ ಒಂದು ತಿರುವನ್ನು ನುಡಿಸಿ, ತಾವೇ "ಭೇಷ್" ಎಂದರು. ಮೃದಂಗದವರು ಕೈ ಕಟ್ಟಿ ಕೂತು ತಲೆದೂಗಿದರು. ಮುಂದಿನ ಸಾಲಿನಲ್ಲಿ ನಿದ್ದೆ ಮಾಡುತ್ತಿದ್ದ ಮುದುಕರೊಬ್ಬರು ಎದ್ದು ಕನ್ನಡಕ ಹಾಕಿಕೊಂಡರು. ಅವಳಿಗೆ ಇದೊಂದೂ ಕಾಣಲಿಲ್ಲ. ಕಣ್ಣು ಮುಚ್ಚಿದ್ದಳು. ಯಾವುದನ್ನು ಸೊರಬದ ಪಡಸಾಲೆಯಲ್ಲಿ ಅಳುತ್ತ ಕಲಿತಿದ್ದಳೋ ಅದು ಈಗ ತಾನಾಗಿ ಬರುತ್ತಿತ್ತು. ಇನ್ನು ತಡೆಯುವುದಿಲ್ಲ ಎಂದು ಗಂಟಲು ಒಪ್ಪಿಕೊಂಡ ಹಾಗಿತ್ತು. ಮಧ್ಯಸ್ಥಾಯಿ ದಾಟಿ, ಮೇಲಿನ ಷಡ್ಜದ ಸುತ್ತ ಸುಳಿದು, ಅವಳು ಗಾಂಧಾರ ಮುಟ್ಟಿ ನಿಂತಳು. ಸಭೆ ನಿಜವಾಗಿ ನಿಂತಿತು. ಕೆಮ್ಮು ಕೂಡ ಇರಲಿಲ್ಲ.

ಆಗ ಹೊರಗೆ ಕಾರಿನ ಬಾಗಿಲು ಬಡಿದ ಸದ್ದು. ಯಾರೋ ಓಡಿದರು. ಕುರ್ಚಿಗಳು ಕಿರ್ರೆಂದವು, ಮೊದಲು ಹಿಂದೆ, ಆಮೇಲೆ ಮಧ್ಯದಲ್ಲಿ. ಆರಕ್ಕೆ ಬರಬೇಕಾದ ಮಂತ್ರಿಗಳು ಬೇರೆಲ್ಲೋ ಕೆಲಸವಿದೆಯೆಂದು ಬೇಗ ಬಂದಿದ್ದರು. ನೀಲಾಂಬಿಕ ಕಣ್ಣು ತೆರೆಯಲಿಲ್ಲ. ಹಾಡು ಬಿಡಲಿಲ್ಲ.

"ನೀಲವ್ವಾ."

ಅಪ್ಪನ ದನಿ. ಅವಳು ಕಣ್ಣು ತೆರೆದಳು. ವೇದಿಕೆಯ ಕೆಳಗೆ, ಅವಳ ಕಾಲ ಹತ್ತಿರವೇ ಬಂದು ನಿಂತಿದ್ದ. ಮೈ ಅರ್ಧ ಬಾಗಿಲ ಕಡೆ ತಿರುಗಿತ್ತು, ಕೈ ಮುಗಿದಿತ್ತು, ಮುಖ ಸಂತೋಷದಿಂದ ಬೆಳಗುತ್ತಿತ್ತು. "ನಿಲ್ಸು, ನಿಲ್ಸು ಮಗಾ. ಮಂತ್ರಿಗಳು ಬಂದ್ರು."

ಹಿಂದೆ ತಂಬೂರಿ ನಿಲ್ಲಲಿಲ್ಲ. ನಿರ್ಮಲಮ್ಮ ತಗ್ಗಿದ ದನಿಯಲ್ಲಿ, "ಕಣ್ಣು ಮುಚ್ಕೊಂಡು ಹಾಡೇ. ಬಿಡ್ಬೇಡ" ಎಂದರು.

ಸಭೆಯ ಕಾರ್ಯದರ್ಶಿ ಹೇಳಿದ್ದರೆ ಅವಳು ಬಹುಶಃ ಬಿಡುತ್ತಿರಲಿಲ್ಲ. ಹೇಳಿದವನು ಅಂಗಡಿ ಮುಚ್ಚಿ ಸೊರಬಕ್ಕೆ ಕರೆದುಕೊಂಡು ಹೋದವನು. ಜನ ನಗಬಾರದೆಂದು ಕೈಗೆ ವಲ್ಲಿ ಮುಚ್ಚಿದವನು. ಅವನು ಕೈಯಿಂದ ಮತ್ತೊಮ್ಮೆ ಸನ್ನೆ ಮಾಡಿದ. ಪಿಟೀಲಿನವರು ಕಮಾನು ಇಳಿಸಿದರು.

ಅವಳು ನಿಲ್ಲಿಸಿದಳು.

ಕಾರ್ಯದರ್ಶಿ ಬೆವರು ಒರೆಸಿಕೊಳ್ಳುತ್ತ ವೇದಿಕೆಗೆ ಬಂದ. ಸ್ವಾಗತ ಗೀತೆ ಹಾಡಬೇಕಾದ ಶಾಲೆಯ ಹುಡುಗಿಯರು ಇನ್ನೂ ಬಂದಿರಲಿಲ್ಲ. ಸಮಿತಿಯವರೊಬ್ಬರು ಮಂತ್ರಿಗಳ ಹೆಸರು ಸೇರಿಸಿ ಕಟ್ಟಿದ್ದ ಪದ್ಯದ ಹಾಳೆಯನ್ನು ಆತ ಅವಳ ಮುಂದಿಟ್ಟು, "ಮೋಹನ ರಾಗದಲ್ಲಿ ಹಾಡಿಬಿಡಮ್ಮ. ಸುಲಭವಾಗಿದೆ" ಎಂದ.

"ಅವಳು ಕಛೇರಿಗೆ ಬಂದೋಳು" ಎಂದರು ನಿರ್ಮಲಮ್ಮ. "ಸ್ವಾಗತ ಹೇಳೋಕೆ ಬಂದೋಳಲ್ಲ. ಆಲಾಪನೆ ಅರ್ಧದಲ್ಲಿದೆ."

"ಐದು ನಿಮಿಷ ತಾಯಿ. ಆಮೇಲೆ ಮುಂದುವರಿಸಲಿ, ಯಾರು ಬೇಡ ಅಂದ್ರು?"

ಪರಮಶಿವಪ್ಪ ವೇದಿಕೆಯ ಅಂಚು ಹಿಡಿದು, "ಹಾಡವ್ವಾ. ಎಂಥಾ ಯೋಗ ನೋಡು. ಮಂತ್ರಿಗಳ ಮುಂದೆ ಹಾಡೋದು ಯಾರಿಗೆ ಸಿಗ್ತತಿ?" ಎಂದ. ಅವನ ಕಣ್ಣಲ್ಲಿ ನೀರಿತ್ತು.

ಅವಳು ಹಾಡಿದಳು. ಚೆನ್ನಾಗಿಯೇ ಹಾಡಿದಳು. ಬೆನ್ನ ಹಿಂದೆ ತಂಬೂರಿಯ ನಾದ ಮಾತ್ರ ಇರಲಿಲ್ಲ. ನಿರ್ಮಲಮ್ಮ ಅದಕ್ಕೆ ಗವಸು ಹಾಕುತ್ತಿದ್ದರು. ಚಪ್ಪಾಳೆ ಬಿತ್ತು. ಮಂತ್ರಿಗಳು ನಕ್ಕು, "ಯಾರ ಮಗಳು?" ಎಂದು ಕೇಳಿದರು. ಕಾರ್ಯದರ್ಶಿ ಪರಮಶಿವಪ್ಪನನ್ನು ಮುಂದೆ ತಂದು ನಿಲ್ಲಿಸಿದ. ಮಂತ್ರಿಗಳು ಏನು ಮಾಡಿಕೊಂಡಿದ್ದೀರಿ ಎಂದರು. ಭತ್ತದ ವ್ಯಾಪಾರವೆಂದ ಪರಮಶಿವಪ್ಪ; ಬಾಯಿ ತಡೆಯದೆ, ನಮ್ಮ ಕಡೆ ಅಕ್ಕಿ ಗಿರಣಿಗೆ ಪರವಾನಗಿ ಸಿಗುವುದಿಲ್ಲ ಸ್ವಾಮಿ ಎಂದೂ ಸೇರಿಸಿದ. ಮಂತ್ರಿಗಳು ಪಕ್ಕದವರ ಕಡೆ ನೋಡಿದರು. ಪಕ್ಕದವರು ತಲೆಯಾಡಿಸಿದರು.

ಭಾಷಣಗಳು ಒಂದರ ಹಿಂದೊಂದು ನಡೆದವು. ನೀಲಾಂಬಿಕ ವೇದಿಕೆಯ ಬದಿಯಲ್ಲಿ ಕಾಯುತ್ತ ಕೂತಳು. ಕಾಂಬೋಧಿಯ ಮಾತು ಯಾರೂ ಎತ್ತಲಿಲ್ಲ. ಪಿಟೀಲಿನವರು ಪೆಟ್ಟಿಗೆ ಮುಚ್ಚಿ ಹೊರಡುವಾಗ ಅವಳ ತಲೆ ಮುಟ್ಟಿ, "ಇನ್ನೊಂದ್ಸಲ ಬಾ ಮಗು" ಎಂದರು. ಇನ್ನೊಂದು ಸಲ ಎಂಬುದು ಅಲ್ಲಿ ಯಾರ ಕೈಯಲ್ಲಿದೆಯೆಂದು ಅವರು ಹೇಳಲಿಲ್ಲ.

ಮರುದಿನದ ಪತ್ರಿಕೆಯಲ್ಲಿ ಮಂತ್ರಿಗಳ ಭಾಷಣದ ಕೊನೆಗೆ ಒಂದು ಸಾಲಿತ್ತು: ಕುಮಾರಿ ನೀಲಾಂಬಿಕ ಸುಶ್ರಾವ್ಯವಾಗಿ ಸ್ವಾಗತ ಗೀತೆ ಹಾಡಿದರು. ಪರಮಶಿವಪ್ಪ ಅದನ್ನು ರೈಲಿನಲ್ಲಿ ಎಲ್ಲರಿಗೂ ಓದಿ ಹೇಳಿದ. ನಿರ್ಮಲಮ್ಮ ಕಿಟಕಿಯ ಹೊರಗೆ ನೋಡುತ್ತಿದ್ದರು. ವೀರಬಸಪ್ಪ "ಯಾಕೋ ನಿಲ್ಸಿದಿ, ಪರಮಾ?" ಎಂದ.

"ಅಣ್ಣಾ, ಮಂತ್ರಿಗಳು ಬಂದಿದ್ರು..."

"ಬಂದೋರು ಕೂತ್ಕೊಂಡು ಕೇಳ್ತಿದ್ರು. ನನಗೆ ಸಂಗೀತ ತಿಳಿಯಂಗಿಲ್ಲ. ಆದ್ರೆ ಅದು ಎಲ್ಲಿಗೋ ಹೋಗ್ತಿತ್ತು. ಮಧ್ಯದಾಗೆ ನಿಂತಿದ್ದು ನನಗೂ ತಿಳೀತು."

ಪರಮಶಿವಪ್ಪ ನಕ್ಕು ಪತ್ರಿಕೆ ಮಡಿಸಿದ. ಅಣ್ಣ ಎಲ್ಲದಕ್ಕೂ ತಪ್ಪು ಹುಡುಕುವವನೆಂದು ಅವನಿಗೆ ಗೊತ್ತಿತ್ತು.

ಮುಂದಿನ ಭಾನುವಾರ ಸೊರಬದಲ್ಲಿ ನಿರ್ಮಲಮ್ಮ ತಂಬೂರಿ ಮೀಟಿ, "ಎಲ್ಲಿ ಬಿಟ್ಟಿದ್ದೆಯೋ ಅಲ್ಲಿಂದ ಹಾಡು" ಎಂದರು. ನೀಲಾಂಬಿಕ ಹಾಡಿದಳು. ಮೇಲಿನ ಗಾಂಧಾರದ ಹತ್ತಿರ ಬರುತ್ತಿದ್ದಂತೆ ಅವಳಿಗೆ ಆವತ್ತಿನ ಕುರ್ಚಿಗಳ ಕಿರ್ರೆಂಬ ಸದ್ದು ಕೇಳಿದಂತಾಗಿ ದನಿ ಒಡೆಯಿತು. ಮತ್ತೆ ಹತ್ತಿದಳು, ಮತ್ತೆ ಒಡೆಯಿತು. ನಿರ್ಮಲಮ್ಮ ಆವತ್ತು ಸಿಟ್ಟು ಮಾಡಲಿಲ್ಲ. "ನಾನು ಹೇಳಿದ್ದು ಕೇಳಿಸ್ತು ತಾನೆ?" ಎಂದು ಮಾತ್ರ ಕೇಳಿದರು.

"ಕೇಳಿಸ್ತು ಅಮ್ಮಾ."

"ಹಾಗಿದ್ರೂ ನಿಲ್ಲಿಸ್ದೆ."

ಪಡಸಾಲೆಯ ಕಂಬಕ್ಕೆ ಒರಗಿ ಕೂತಿದ್ದ ಪರಮಶಿವಪ್ಪ ತೂಕಡಿಸುತ್ತಿದ್ದ.

ಊರಲ್ಲಿ ನೀಲಾಂಬಿಕಳ ಹೆಸರು ಹಬ್ಬಿತು. ಶಾಲೆಯ ಹೊಸ ಕಟ್ಟಡ, ಸೊಸೈಟಿಯ ವಾರ್ಷಿಕ ಸಭೆ, ಅಂಬ್ಲಿಗೊಳದಲ್ಲಿ ಎಂಜಿನಿಯರುಗಳ ಸಮಾರಂಭ, ತೊಗರ್ಸಿಯಲ್ಲಿ ಡೆಪ್ಯುಟಿ ಕಮಿಷನರ್ ಭೇಟಿ, ಎಲ್ಲಿಗೂ ಅವಳೇ ಬೇಕು. ಅದೇ ಪದ್ಯ, ಹೆಸರು ಮಾತ್ರ ಬೇರೆ. ಸಮಾರಂಭಗಳು ಹೆಚ್ಚಾಗಿ ಭಾನುವಾರವೇ ಬರುತ್ತಿದ್ದವು. "ಸೊರಬಕ್ಕೆ ಮುಂದಿನ ವಾರ ಹೋದ್ರಾತು" ಎನ್ನುತ್ತಿದ್ದ ಪರಮಶಿವಪ್ಪ. ಅವಳು ಹಟ ಮಾಡಬಹುದಿತ್ತು. ಮಾಡಲಿಲ್ಲ. 'ಹಾಗಿದ್ರೂ ನಿಲ್ಲಿಸ್ದೆ' ಎಂಬ ನಿರ್ಮಲಮ್ಮನವರ ಮಾತನ್ನು ಇನ್ನೊಮ್ಮೆ ಕೇಳುವ ಧೈರ್ಯ ಅವಳಿಗಿರಲಿಲ್ಲ. ಹೀಗೆ ಮುಂದಿನ ವಾರ ಎಂಬುದು ಬರುವುದೇ ನಿಂತಿತು. ಮನೆಯಲ್ಲಿ ಸಾಧನೆಯೂ ನಿಂತಿತು.

ಗಿರಣಿಗೆ ಪರವಾನಗಿ ಬಂತು. ಪರಮಶಿವಪ್ಪ ಮಗಳ ಕೈಗೆ ಪೇಡೆ ಕೊಟ್ಟು, "ಇದು ನಿನ್ನ ಹಾಡಿನ ಪುಣ್ಯ ಕಣವ್ವಾ" ಎಂದ. ಮರುವರ್ಷದ ಕಾರ್ತಿಕದಲ್ಲಿ ಗಿರಣಿಯ ಆರಂಭೋತ್ಸವ. ಅದೇ ಮಂತ್ರಿಗಳು ಶಿವಮೊಗ್ಗಕ್ಕೆ ಬಂದವರು ಶಿಕಾರಿಪುರಕ್ಕೂ ಬರಲು ಒಪ್ಪಿದರು.

ಹಿಂದಿನ ದಿನ ಪರಮಶಿವಪ್ಪ ರೇಷ್ಮೆ ಸೀರೆಯೊಂದನ್ನು ಮಗಳ ಮುಂದಿಟ್ಟ. ನೀಲಾಂಬಿಕ ಅದನ್ನು ಮುಟ್ಟಲಿಲ್ಲ.

"ಅಪ್ಪಾಜಿ, ಬೆಂಗಳೂರಾಗೆ ನಾನು ಹಾಡಿದ್ದು ನಿಮಗೆ ನೆನಪೈತಾ?"

"ಅದನ್ನ ಮರೆಯಾಕೆ ಆಗ್ತತಾ? ಎಷ್ಟು ಚಂದ ಸ್ವಾಗತ ಹೇಳಿದಿ! ಮಂತ್ರಿಗಳೇ ತಲೆದೂಗಿದ್ರು."

"ಅದಲ್ಲ. ಅದರ ಮುಂಚೆ ಹಾಡಿದ್ದು."

ಪರಮಶಿವಪ್ಪ ಯೋಚಿಸಿದ. ಪ್ರಾಮಾಣಿಕವಾಗಿಯೇ ಯೋಚಿಸಿದ. "ಅದೇ... ಅಮ್ಮಾರು ಕಲಿಸಿದ್ದು. ಅದೂ ಚೆನ್ನಾಗಿತ್ತು."

"ನಾಳೆ ನಾನು ಹಾಡಂಗಿಲ್ಲ."

ಅವನಿಗೆ ಮೊದಲು ತಮಾಷೆಯೆನಿಸಿತು. ಆಮೇಲೆ ಬೈದ. ಆಮೇಲೆ ಬೇಡಿಕೊಂಡ. "ನಾಕು ವರ್ಷ ನಿನ್ನ ಹಿಂದೆ ಬಸ್ಸು ಹತ್ತಿ ಇಳಿದೋನು ನಾನು. ಊರೆಲ್ಲ ಎದುರು ಹಾಕ್ಕೊಂಡೋನು ನಾನು. ನನಗೆ ಇಷ್ಟು ಮಾಡಾಕೆ ಆಗಲ್ಲಾ?"

"ಅದಕ್ಕೇ ನಾನು ಅವತ್ತು ಹಾಡು ನಿಲ್ಸಿದ್ದು" ಎಂದಳು ನೀಲಾಂಬಿಕ. "ನೀವು ಬಸ್ಸು ಹತ್ತಿಸಿದ್ದು ಇದಕ್ಕಾ ಅಪ್ಪಾಜಿ?"

ಪರಮಶಿವಪ್ಪ ಸೀರೆಯನ್ನು ಎತ್ತಿಕೊಂಡ. ಬಸವಣ್ಣೆಮ್ಮ ಬಾಗಿಲಲ್ಲಿ ನಿಂತು ಸೆರಗು ಬಾಯಿಗಿಟ್ಟುಕೊಂಡಳು. ಅಪ್ಪ ಮಗಳು ಹೀಗೆ ಎದುರುಬದುರು ನಿಂತದ್ದನ್ನು ಅವಳು ಕಂಡಿರಲಿಲ್ಲ.

ಕೊನೆಗೆ ಶಾಲೆಯ ಒಬ್ಬ ಹುಡುಗಿಗೆ ಆ ರೇಷ್ಮೆ ಸೀರೆ ಉಡಿಸಿ ಹಾಡಿಸಿದರು. ಶ್ರುತಿ ಒಂದು ಕಡೆ, ಅವಳು ಒಂದು ಕಡೆ. ಗಿರಣಿಯ ಪಕ್ಕದ ಕೋಣೆಯಲ್ಲಿ ಹೆಂಗಸರ ಜೊತೆ ಕೂತಿದ್ದ ನೀಲಾಂಬಿಕ ಪ್ರತಿ ತಪ್ಪಿಗೂ ಕಣ್ಣು ಮುಚ್ಚಿದಳು. ಹಾಡು ಮುಗಿಯಿತು. ಚಪ್ಪಾಳೆ ಬಿತ್ತು. ಮಂತ್ರಿಗಳು ಎದ್ದು ಪರಮಶಿವಪ್ಪನ ಹೆಗಲ ಮೇಲೆ ಕೈಯಿಟ್ಟದ್ದು ತೆರೆದ ಕಿಟಕಿಯಿಂದ ಅವಳಿಗೆ ಕಂಡಿತು, ಮಾತೂ ಕೇಳಿಸಿತು.

"ನಿಮ್ಮ ಮಗಳ ಕಂಠ ಹಾಗೇ ಇದೆ ರೀ. ಬೆಂಗಳೂರಲ್ಲಿ ಕೇಳಿದ್ದೆ. ನನಗೆ ಚೆನ್ನಾಗಿ ನೆನಪಿದೆ."

ಪರಮಶಿವಪ್ಪ ಆ ಹುಡುಗಿಯನ್ನು ನೋಡಿದ. ಕಿಟಕಿಯ ಕಡೆ ನೋಡಲಿಲ್ಲ. ಕೈ ಮುಗಿದು, "ಎಲ್ಲಾ ತಮ್ಮ ಆಶೀರ್ವಾದ ಸ್ವಾಮಿ" ಎಂದ.

ವೀರಬಸಪ್ಪ ಅಲ್ಲಿಂದ ಎದ್ದು ಹೊರಗೆ ನಡೆದ. ಯಂತ್ರ ಶುರುವಾಯಿತು. ಜನ ಕೇಕೆ ಹಾಕಿದರು.

ಮರುದಿನ ನೀಲಾಂಬಿಕ ಅವ್ವನಿಗೆ ಮಾತ್ರ ಹೇಳಿ ಒಬ್ಬಳೇ ಬಸ್ಸು ಹತ್ತಿದಳು. ಸೊರಬದ ಮನೆಯ ಮುಂದೆ ಎತ್ತಿನ ಗಾಡಿ ನಿಂತಿತ್ತು. ಶಿರಸ್ತೇದಾರರಿಗೆ ಕೋಲಾರದ ಕಡೆ ವರ್ಗವಾಗಿತ್ತು. ಪಡಸಾಲೆ ತುಂಬ ಗೋಣಿಚೀಲ, ಹಗ್ಗ, ಹುಲ್ಲು. ನಿರ್ಮಲಮ್ಮ ಪಿಂಗಾಣಿ ಜಾಡಿಗಳಿಗೆ ಹುಲ್ಲು ಸುತ್ತುತ್ತಿದ್ದರು. ಅವಳನ್ನು ಕಂಡು ಆಶ್ಚರ್ಯಪಡಲಿಲ್ಲ. ಕೈ ಒರೆಸಿಕೊಂಡು, ಕಟ್ಟಿಟ್ಟಿದ್ದ ತಂಬೂರಿಯ ಗವಸು ಬಿಚ್ಚಿದರು.

"ಕೂತ್ಕೋ."

ನೀಲಾಂಬಿಕ ಗೋಣಿಚೀಲಗಳ ನಡುವೆ ಕೂತು ಹಾಡಿದಳು. ಉಸಿರು ಸಾಲಲಿಲ್ಲ. ಗಮಕಗಳು ಒರಟಾಗಿದ್ದವು. ಮೇಲಿನ ಗಾಂಧಾರಕ್ಕೆ ಹೋದಳು, ಮುಟ್ಟಿದಳು, ನಿಲ್ಲಲಾಗಲಿಲ್ಲ. ಆದರೂ ಈ ಸಲ ಅಲ್ಲಿಗೇ ಬಿಡದೆ ಕೆಳಗಿಳಿದು ರಾಗವನ್ನು ಕೊನೆಗಾಣಿಸಿದಳು. ಹೊರಗೆ ಗಾಡಿಯವನು ಹೊತ್ತಾಯಿತೆಂದು ಕೂಗಿದ.

ನಿರ್ಮಲಮ್ಮ ತಂಬೂರಿಯ ಮೇಲೆ ಕೈಯಿಟ್ಟು ನಾದ ನಿಲ್ಲಿಸಿದರು. ಸಮಾಧಾನದ ಮಾತು ಅವರಿಗೆ ಯಾವತ್ತೂ ಬರುತ್ತಿರಲಿಲ್ಲ.

"ಅರ್ಧ ಹೋಗಿದೆ ಕಣೇ" ಎಂದರು. "ವಾಪಸು ಬರುತ್ತೆ. ಎರಡು ವರ್ಷ ಬೇಕು. ಆದ್ರೆ ಇಲ್ಲಿ ನಾನಿರಲ್ಲ."

ನೀಲಾಂಬಿಕ ತಲೆಯಾಡಿಸಿದಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಉಳಿದ ಜಾಡಿಗಳಿಗೆ ಹುಲ್ಲು ಸುತ್ತತೊಡಗಿದಳು. ಸಾಮಾನೆಲ್ಲ ಗಾಡಿ ಸೇರಿದ ಮೇಲೆ ನಿರ್ಮಲಮ್ಮ ಮನೆಗೆ ಬೀಗ ಹಾಕಿ, ಬೀಗದ ಕೈಯನ್ನು ಪಕ್ಕದ ಮನೆಯವರಿಗೆ ಕೊಟ್ಟು ಗಾಡಿ ಹತ್ತಿದರು. ಗಾಡಿ ತಿರುವಿನಲ್ಲಿ ಮರೆಯಾಗುವವರೆಗೆ ಅವಳು ಜಗಲಿಯ ಕೆಳಗೆ ನಿಂತಿದ್ದು, ಶಿಕಾರಿಪುರದ ಬಸ್ಸು ಹಿಡಿಯಲು ನಡೆದಳು.